ಬಿಗಿದ ನಟ್ಟಿಗೆ ಇನ್ನೊಂದು ಸ್ಪ್ಯಾನರ್

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಯಾರಾದರೂ ನೀರು ಕೊಟ್ಟರೆ ಮೂಸಿ ನೋಡಿ ಕುಡಿಯುವ ಗಿರಾಕಿ ಎಂದು ನನ್ನ ಹೆಂಡತಿ ನೆಂಟರಿಷ್ಟರ ಮುಂದೆಯೇ ಹೇಳುತ್ತಾಳೆ. ಹುಣಸೂರಿನಂಥ ಊರಲ್ಲಿ ಗ್ಯಾರೇಜು ಇಟ್ಟುಕೊಂಡವನಿಗೆ ಇಷ್ಟೂ ಅನುಮಾನ ಇಲ್ಲದಿದ್ದರೆ ಹೇಗೆ ಎಂದು ನಾನು ಸಮಜಾಯಿಷಿ ಕೊಡುತ್ತೇನೆ. ಬ್ರೇಕು ಹಿಡಿಯುತ್ತಿಲ್ಲ ಎಂದು ಬಂದವನು ಎಲ್ಲಿ ಗುದ್ದಿಕೊಂಡು ಬಂದ ಅನ್ನುವುದನ್ನು ಬಾಯಿ ಬಿಡುವುದಿಲ್ಲ. ಗಾಡಿ ಮಾರುವವನು ಇಂಜಿನ್ ಬಿಚ್ಚಿಯೇ ಇಲ್ಲ ಎಂದು ಮಕ್ಕಳ ಮೇಲೆ ಆಣೆ ಇಡುತ್ತಾನೆ. ಬಾನೆಟ್ ಎತ್ತಿದರೆ ಎಲ್ಲ ಬೋಲ್ಟಿನ ತಲೆಯ ಮೇಲೂ ಸ್ಪ್ಯಾನರ್ ಕಚ್ಚಿದ ಗುರುತು. ಇಂಥದ್ದನ್ನೆಲ್ಲ ನೋಡಿ ನೋಡಿ ನನ್ನ ಬುದ್ಧಿ ಹೀಗಾಯಿತೋ, ಬುದ್ಧಿ ಹೀಗಿದ್ದದ್ದಕ್ಕೇ ಈ ಕಸುಬು ಹಿಡಿಸಿತೋ ಗೊತ್ತಿಲ್ಲ.

ನಾನು ಅನುಮಾನಪಡದೆ ಇದ್ದದ್ದು ಒಬ್ಬನನ್ನು ಮಾತ್ರ, ನನ್ನ ಪಾಲುದಾರನನ್ನು. ರಾವಂದೂರು ಕಡೆಯ ಬೇಸಾಯಗಾರರ ಮನೆಯವನು, ನನಗಿಂತ ಆರೇಳು ವರ್ಷ ಚಿಕ್ಕವನು. ಹುಡುಗನಾಗಿದ್ದಾಗಲೇ ಕೇರಳದ ಗಡಿ ದಾಟಿ ಅಲ್ಲಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿತು ಬಂದಿದ್ದ. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಹದಿನೆಂಟು ವರ್ಷ ಇಬ್ಬರೂ ಒಂದೇ ಶೆಡ್ಡಿನ ಕೆಳಗೆ ಕೆಲಸ ಮಾಡಿದ್ದೆವು. ನನ್ನನ್ನು ಅಣ್ಣ ಎಂದೇ ಕರೆಯುತ್ತಾನೆ.

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ನಟ್ಟು ಬಿಗಿದು ಮುಗಿದ ಮೇಲೆ ಅವನು ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು, ಎಲೆಗೆ ಹಚ್ಚುವಷ್ಟೇ ಸುಣ್ಣವನ್ನು ಬೆರಳಲ್ಲಿ ತೆಗೆದು ಆ ನಟ್ಟಿನ ತಲೆಗೆ ಒಂದು ಬೊಟ್ಟು ಇಡುತ್ತಿದ್ದ. ಪೇಂಟಾದರೆ ಬಿಸಿಗೆ ಸುಟ್ಟುಹೋಗುತ್ತದೆ, ಸುಣ್ಣ ಒಣಗಿ ಕಚ್ಚಿಕೊಳ್ಳುತ್ತದೆ. ಬೊಟ್ಟು ಇದ್ದರೆ ಆ ನಟ್ಟಿನ ಜವಾಬ್ದಾರಿ ಅವನದು. ನಾನು ಅದಕ್ಕೆ ಸ್ಪ್ಯಾನರ್ ಇಡಬಾರದು. ನನ್ನ ಕೆಲಸಕ್ಕೆ ನಾನು ಕೆಂಪು ಪೆನ್ಸಿಲ್ ಗೀಟು ಎಳೆಯುತ್ತಿದ್ದೆ, ಅದನ್ನು ಅವನು ಮುಟ್ಟುತ್ತಿರಲಿಲ್ಲ. ಇದನ್ನು ಯಾರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ. ಒಂದು ಲಾರಿಯ ನಟ್ಟನ್ನು ಇಬ್ಬರೂ ಒಬ್ಬರಾದ ಮೇಲೊಬ್ಬರು ಬಿಗಿದು ಹಾಳು ಮಾಡಿದ ಮೇಲೆ ತಾನಾಗಿ ಬಂದದ್ದು.

ಹೊಗೆಸೊಪ್ಪಿನ ಹರಾಜು ನಡೆಯುತ್ತಿದ್ದ ದಿನಗಳಲ್ಲಿ, ಬೇಲು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಗುರುಗುಟ್ಟುತ್ತಾ ಎರಡು ಬಾಗಿಲ ಕಾರೊಂದು ಬಂದು ನಮ್ಮ ಶೆಡ್ಡಿನ ಮುಂದೆ ನಿಂತಿತು. ಉದ್ದನೆಯ ಮೂತಿ, ನೆಲಕ್ಕೆ ತಾಗುವಂಥ ಹೊಟ್ಟೆ. ಇಂಜಿನ್ನಿನಲ್ಲಿ ಆರು ಸಿಲಿಂಡರು ಸಾಲಾಗಿ. ಇಳಿದವನು ಬೀಚನಹಳ್ಳಿ ಅಣೆಕಟ್ಟೆಯ ಹತ್ತಿರ ಹೋಮ್‌ಸ್ಟೇ ನಡೆಸುವ ಮಲೆಯಾಳಿ. ಹಿಂದಿನ ಸೀಟಿನಿಂದ ಮಗುವನ್ನು ಎತ್ತಿಕೊಂಡ ಹಾಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಬಂದ. ಅದರೊಳಗೆ ವಿದೇಶದಿಂದ ತರಿಸಿದ ಹೆಡರುಗಳು. ಇಂಜಿನ್ ಉಗುಳುವ ಹೊಗೆಯನ್ನೆಲ್ಲ ಒಟ್ಟುಮಾಡಿ ಸೈಲೆನ್ಸರಿಗೆ ದಾಟಿಸಲು ಕಂಪನಿಯವರು ಎರಕದ ದಪ್ಪ ಮ್ಯಾನಿಫೋಲ್ಡು ಕೂರಿಸಿರುತ್ತಾರೆ. ಅದನ್ನು ತೆಗೆದು, ಸಿಲಿಂಡರಿಗೆ ಒಂದರಂತೆ ಬಾಗಿದ ಸ್ಟೀಲ್ ಪೈಪುಗಳಿರುವ ಈ ಹೆಡರು ಹಾಕಿದರೆ ಇಂಜಿನ್ ಸಲೀಸಾಗಿ ಉಸಿರಾಡುತ್ತದೆ, ದನಿಯೂ ಬದಲಾಗುತ್ತದೆ.

ನನಗೆ ಅನುಮಾನ ಅಲ್ಲಿಂದಲೇ ಶುರು. ಎಚ್.ಡಿ. ಕೋಟೆ ದಾಟಿ ಮೈಸೂರಿಗೆ ಹೋಗುವುದು ಬಿಟ್ಟು ಈತ ಹುಣಸೂರಿಗೆ ಯಾಕೆ ಬಂದ? ಹೊರಗಿನ ಸಾಮಾನು ಹಾಕಿಕೊಡುವುದಿಲ್ಲ ಎಂದು ಮೈಸೂರಿನಲ್ಲಿ ವಾಪಸ್ ಕಳಿಸಿದರು ಎಂದ. ಆರ್‌ಸಿ ಕೇಳಿದೆ. ಕೊಟ್ಟ. ಚಾಸಿ ನಂಬರನ್ನು ಬಗ್ಗಿ ನೋಡಿ ಎರಡು ಸಲ ಹೋಲಿಸಿದೆ, ತಾಳೆಯಾಯಿತು. ತಾಳೆಯಾದದ್ದಕ್ಕೆ ನನಗೆ ಒಳಗೊಳಗೇ ಬೇಜಾರಾಯಿತು. ಹೆಡರಿನ ಬೆಸುಗೆಯನ್ನು ಉಗುರಲ್ಲಿ ಕೆರೆದು ನೋಡಿದೆ, ಅದೂ ಅಪ್ಪಟ. ಆಮೇಲೆ ಆತ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ; ಅದರಲ್ಲಿ ಒಬ್ಬ ಬಿಳಿಯ ಮನುಷ್ಯ ಇದೇ ಕೆಲಸವನ್ನು ಹತ್ತು ನಿಮಿಷದಲ್ಲಿ, ಅಂಗಿಗೆ ಒಂದು ಹನಿ ಗ್ರೀಸೂ ಮೆತ್ತಿಕೊಳ್ಳದೆ ಮುಗಿಸಿದ. ಅವನನ್ನಂತೂ ನಾನು ಒಂದು ಕ್ಷಣವೂ ನಂಬಲಿಲ್ಲ.

ನನಗೆ ಚುಚ್ಚಿದ್ದು ಬೇರೆ ವಿಷಯ. ಕಾರಿನವನು ನನ್ನ ಜೊತೆ ಮುರುಕು ಕನ್ನಡದಲ್ಲಿ ನಾಲ್ಕು ಮಾತಾಡಿ, ನನ್ನ ಪಾಲುದಾರನ ಕಡೆ ತಿರುಗಿ ಮಲೆಯಾಳದಲ್ಲಿ ಶುರು ಮಾಡಿದ. ಇವನೂ ಅಷ್ಟೇ ಸಲೀಸಾಗಿ ಉತ್ತರ ಕೊಟ್ಟ. ಇಬ್ಬರಿಗೂ ಮೊದಲೇ ಗುರುತಿತ್ತು. ಯಾವಾಗಲೋ ಸರಗೂರಿನಲ್ಲಿ ಆತನ ಜೀಪು ಕೆಟ್ಟು ನಿಂತಾಗ ಇವನು ರಿಪೇರಿ ಮಾಡಿಕೊಟ್ಟಿದ್ದನಂತೆ. ಆ ಸಂಗತಿಯನ್ನು ನನಗೆ ಹೇಳೇ ಇರಲಿಲ್ಲ.

ಕೆಲಸ ಶುರುವಾಯಿತು. ಹಳೆಯ ಮ್ಯಾನಿಫೋಲ್ಡನ್ನು ಹಿಡಿದಿದ್ದ ಹನ್ನೆರಡು ನಟ್ಟುಗಳೂ ಬಿಸಿಗೆ ಬೆಂದು ತುಕ್ಕಿನಲ್ಲಿ ಒಂದಾಗಿದ್ದವು. ಎಣ್ಣೆ ಕುಡಿಸಿ, ಮಾರನೆಯ ದಿನ ಮತ್ತೆ ಕುಡಿಸಿ, ಅವನು ಒಂದೊಂದನ್ನೇ ಹಿಂದಕ್ಕೂ ಮುಂದಕ್ಕೂ ಆಡಿಸಿ ಒಂದನ್ನೂ ಮುರಿಯದೆ ಬಿಚ್ಚಿದ. ಸ್ಟೇರಿಂಗಿನ ರಾಡು ಅಡ್ಡ ಬಂದದ್ದರಿಂದ ನಾನು ಇಂಜಿನ್ನನ್ನು ಒಂದು ಬದಿಗೆ ಜಾಕಿನಲ್ಲಿ ಎತ್ತಿ ಹಿಡಿಯಬೇಕಾಯಿತು. ಈ ನಡುವೆ ದಿನಕ್ಕೆ ಎರಡು ಸಲ ಅವನಿಗೆ ಫೋನು ಬರುತ್ತಿತ್ತು. ಯಾವಾಗಲೂ ಕೆಲಸದ ಹತ್ತಿರವೇ ಮಾತಾಡುವವನು ಈಗ ಎದ್ದು ಶೆಡ್ಡಿನಾಚೆಯ ಹೊಂಗೆಮರದ ಬುಡಕ್ಕೆ ಹೋಗುತ್ತಿದ್ದ. ನಾನು ಗಾಡಿಯಡಿಯ ಪಿಟ್ಟಿನೊಳಗಿಂದ ಕಿವಿ ನಿಮಿರಿಸುತ್ತಿದ್ದೆ. ಎಲ್ಲ ಮಲೆಯಾಳ. ಹುಣಸೂರು, ಗ್ಯಾರೇಜು, ಅಣ್ಣ, ಈ ಮೂರು ಬಿಟ್ಟು ನನಗೆ ಏನೂ ದಕ್ಕುತ್ತಿರಲಿಲ್ಲ. ಯಾರದು ಎಂದು ಕೇಳಿದರೆ ಕಾರಿನವರದು, ಏನಿಲ್ಲ ಬುಡಣ್ಣ ಎನ್ನುತ್ತಿದ್ದ.

ಏನಿಲ್ಲ ಎಂಬ ಮಾತನ್ನು ನಾನು ಯಾವತ್ತೂ ನಂಬಿದವನಲ್ಲ. ಎರಡೇ ದಿನದಲ್ಲಿ ನನ್ನ ತಲೆಯೊಳಗೆ ಕತೆ ಪೂರ್ತಿಯಾಯಿತು. ಕಾರಿನವನು ಬೀಚನಹಳ್ಳಿಯಲ್ಲಿ ವರ್ಕ್‌ಶಾಪು ಹಾಕಿಕೊಡುತ್ತಾನೆ, ಸುತ್ತಲ ರೆಸಾರ್ಟಿನ ಜೀಪುಗಳೆಲ್ಲ ಅಲ್ಲಿಗೆ, ಇವನು ನನ್ನನ್ನು ಬಿಟ್ಟು ಹೋಗುತ್ತಾನೆ. ಈ ಕಾರು ಬಂದಿರುವುದೇ ಇವನ ಕೈಗುಣ ನೋಡುವುದಕ್ಕೆ. ನನಗೆ ನಿಜಕ್ಕೂ ಭಯವಾಯಿತು. ಅವನಿಲ್ಲದೆ ಆ ಶೆಡ್ಡಿನ ಬಾಗಿಲು ತೆಗೆಯುವುದನ್ನು ಊಹಿಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ. ಹಾಗೆಂದು ನೇರವಾಗಿ ಕೇಳಿದೆನೇ? ಇಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ?

ನಾಲ್ಕನೆಯ ದಿನ ಹೆಡರು ಕೂತಿತು. ಅವನು ನಡುವಿನಿಂದ ಶುರು ಮಾಡಿ ಎರಡೂ ತುದಿಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ ಹನ್ನೆರಡಕ್ಕೂ ಬೊಟ್ಟು ಇಟ್ಟ. ಸ್ಟಾರ್ಟ್ ಮಾಡಿದೆವು. ಹೊಸ ಪೈಪಿನ ಮೇಲಿದ್ದ ಎಣ್ಣೆ ಸುಟ್ಟು ಶೆಡ್ಡೆಲ್ಲ ಹೊಗೆ. ಆ ಹೊಗೆಯ ನಡುವೆ ಸಣ್ಣಗೆ ಟಿಕ್ ಟಿಕ್ ಎಂಬ ಸದ್ದು ನನ್ನ ಕಿವಿಗೆ ಬಿತ್ತು. ಎಲ್ಲೋ ಸಡಿಲ ಇದೆ ಎಂದೆ. ಹೊಸ ಪೈಪು ಕೂತುಕೊಳ್ಳುತ್ತಿದೆ, ಪೂರಾ ತಣ್ಣಗಾಗಲಿ, ನಾಳೆ ಬೆಳಿಗ್ಗೆ ಇನ್ನೊಂದು ಸುತ್ತು ನಾನೇ ನೋಡುತ್ತೇನೆ ಎಂದು ಹೇಳಿ ಅವನು ಊಟಕ್ಕೆ ಕೈ ತೊಳೆದ. ಅಷ್ಟರಲ್ಲಿ ಫೋನು ಬಂತು. ಊಟದ ಡಬ್ಬಿ ಅಲ್ಲೇ ಬಿಟ್ಟು ಮರದ ಕಡೆ ನಡೆದ.

ಮನಸ್ಸು ಎಲ್ಲೋ ಇರುವವನು ನಟ್ಟು ಎಲ್ಲಿ ಸರಿಯಾಗಿ ಬಿಗಿದಾನು ಎನ್ನಿಸಿತು ನನಗೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನ ಬೊಟ್ಟಿದ್ದ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಹಿಂದಿನಿಂದ ಎರಡನೆಯದು. ಅಲುಗಲಿಲ್ಲ, ಬಿಗಿಯಾಗಿಯೇ ಇತ್ತು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ, ಇನ್ನೊಂದು ಚೂರು ಎಳೆದೆ. ಕಾದ ಲೋಹ, ಸಿಟ್ಟಿನ ಕೈ. ಟಕ್ ಎಂದಿತು. ನಟ್ಟು ಕೂರುವ ಕಬ್ಬಿಣದ ಕಡ್ಡಿ, ಸ್ಟಡ್ಡು, ಮುರಿದು ಅದರ ತುಂಡಿನ ಸಮೇತ ನಟ್ಟು ಸ್ಪ್ಯಾನರಿನೊಳಗೆ ಬಂತು. ಉಳಿದ ತುಂಡು ಇಂಜಿನ್ನಿನ ಮೇಲ್ಭಾಗದ ಹೆಡ್ಡಿನೊಳಗೇ ಉಳಿಯಿತು. ಅದು ಬರದಿದ್ದರೆ ಇಡೀ ಹೆಡ್ಡನ್ನೇ ಬಿಚ್ಚಬೇಕು, ಆ ಕಾರಿನ ಹೆಡ್ ಗ್ಯಾಸ್ಕೆಟ್ಟು ಮೈಸೂರಿನಲ್ಲೂ ಸಿಗುವಂಥದ್ದಲ್ಲ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮುರಿದ ತುಂಡಿಗೆ ಗ್ಯಾಸ್ಕೆಟ್ಟಿನ ಅಂಟು ಮೆತ್ತಿ ನಟ್ಟನ್ನು ಇದ್ದ ಜಾಗಕ್ಕೇ ಒತ್ತಿ ನಿಲ್ಲಿಸಿದೆ. ಬೊಟ್ಟು ಉದುರಿಹೋಗಿತ್ತು. ಅವನ ಅಂಗಿ ಮೊಳೆಗೆ ನೇತುಹಾಕಿತ್ತು, ಜೇಬಿನಲ್ಲಿ ಸುಣ್ಣದ ಡಬ್ಬಿ ಇತ್ತು. ತೆಗೆದು, ಒಂದು ಬೊಟ್ಟು ಇಟ್ಟೆ. ಡಬ್ಬಿ ವಾಪಸ್ ಇಟ್ಟು, ಬೆರಳು ಒರೆಸಿಕೊಂಡು, ಅವನು ಬಂದಾಗ ಅವನ ಎದುರಿಗೇ ಕೂತು ಊಟ ಮಾಡಿದೆ.

ಮಾರನೆಯ ಬೆಳಿಗ್ಗೆ ಅವನು ಸ್ಪ್ಯಾನರ್ ಹಿಡಿಯುವ ಮೊದಲೇ ಕಾರಿನವನು ಬಂದು ಆಸೆ ತಡೆಯಲಾರದೆ ಸ್ಟಾರ್ಟ್ ಮಾಡಿಬಿಟ್ಟ. ಎರಡು ಸಲ ಆಕ್ಸಿಲರೇಟರ್ ತುಳಿಯುವಷ್ಟರಲ್ಲಿ ಪಿಟ್ಟಿನೊಳಗೆ ನಟ್ಟು ಬಿದ್ದ ಸದ್ದಾಯಿತು, ಹಿಂದೆಯೇ ಹೊಗೆ ಫಟಫಟ ಎಂದು ಪಕ್ಕದಿಂದ ನುಗ್ಗಿತು. ಪಾಲುದಾರ ಪಿಟ್ಟಿಗಿಳಿದು ನಟ್ಟನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಮಿಕ್ಕ ಹನ್ನೊಂದು ನಟ್ಟಿನ ಸುಣ್ಣ ಹಿಂದಿನ ದಿನದ ಹೊಗೆಗೆ ಹಳದಿ ತಿರುಗಿ ಬಿರುಕು ಬಿಟ್ಟಿತ್ತು. ಈ ಒಂದರದು ಮಾತ್ರ ಹಾಲಿನ ಬಿಳುಪು. ಕುರುಡನಿಗೂ ಗೊತ್ತಾಗುವಂತಿತ್ತು. ಅಷ್ಟೆಲ್ಲ ಅನುಮಾನದ ಬುದ್ಧಿ ಇದ್ದ ನನಗೆ ಅದು ಹೊಳೆದಿರಲಿಲ್ಲ.

ಕಾರಿನವನು ಬೆವರಿಹೋಗಿದ್ದ. ಯಾರು ಮಾಡಿದ್ದು ಎಂದು ತನ್ನ ಮುರುಕು ಕನ್ನಡದಲ್ಲಿ ಕೇಳಿದ. ಪಾಲುದಾರ ನಟ್ಟನ್ನು ಜೇಬಿಗೆ ಹಾಕಿಕೊಂಡು, ‘ನನ್ ಕೈ ತಪ್ಪು ಸಾರ್. ಬಿಸೀಲೇ ಬಿಗಿದ್ಬುಟ್ಟೆ. ಸರಿ ಮಾಡ್ಕೊಡ್ತೀನಿ’ ಎಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಟಾರ್ಚು ತರಲು ಒಳಗೆ ಹೋದೆ.

ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ಆ ತುಂಡಿನ ಹಿಂದೆ ಬಿದ್ದ. ಹೆಡರು ಮತ್ತೆ ಇಳಿಸಿ, ಮುರಿದ ತುದಿಗೆ ವೆಲ್ಡಿಂಗಿನ ಹನಿ ಹನಿ ಪೇರಿಸಿ, ಅದಕ್ಕೊಂದು ಹೊಸ ನಟ್ಟು ಬೆಸೆದು, ಕೆಂಪಗೆ ಕಾದಿರುವಾಗಲೇ ತಿರುಗಿಸಲು ನೋಡಿದ. ಎರಡು ಸಲ ಬೆಸುಗೆ ಕಿತ್ತುಬಂತು. ಮೂರನೆಯ ಸಲ ಕೂದಲೆಳೆಯಷ್ಟು ಅಲುಗಿತು. ಹೆಡ್ಡಿನೊಳಗಿನ ತಿರುಪಿನ ಥ್ರೆಡ್ಡಿಗೆ ಒಂದು ಗಾಯವೂ ಆಗದೆ ತುಂಡು ಹೊರಗೆ ಬಂತು. ಅವನ ಕತ್ತಿನ ಮೇಲೆ ಕಿಡಿ ಬಿದ್ದು ಬೊಬ್ಬೆ ಎದ್ದಿತ್ತು. ನಾನು ಇಡೀ ದಿನ ಟಾರ್ಚು ಹಿಡಿದುಕೊಂಡು ನಿಂತಿದ್ದೆ, ಹೇಳಬೇಕಾದ ಒಂದು ಮಾತನ್ನು ಬಿಟ್ಟು ಬೇರೆ ಏನೇನೋ ಮಾತಾಡಿದೆ.

ಎರಡು ದಿನ ಬಿಟ್ಟು ಎಲ್ಲ ಸರಿಯಾಗಿ ಕೂತ ಮೇಲೆ, ಕಾರಿನವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಿರಿಯಾಪಟ್ಟಣದ ರಸ್ತೆಗೆ ಹೊರಟ. ಟಿಕ್ ಟಿಕ್ ಸದ್ದು ಇರಲಿಲ್ಲ. ಆರು ಸಿಲಿಂಡರಿನ ದನಿ ಒಂದೇ ಕೊರಳಿನಿಂದ ಬಂದ ಹಾಗಿತ್ತು. ರಸ್ತೆ ಬದಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೂ ನಿಂತು ನೋಡಿದಳು. ನನಗೆ ಖುಷಿಯಾಗಬೇಕಿತ್ತು. ಆಗ ಆತ ತನ್ನ ಕನ್ನಡದಲ್ಲಿ ಹೇಳಿದ, ನಿಮ್ಮ ಪಾಲುದಾರನನ್ನು ನನ್ನ ಜಾಗಕ್ಕೆ ಬಾ ಎಂದು ವಾರವೆಲ್ಲ ಫೋನಿನಲ್ಲಿ ಕರೆದೆ, ಶೆಡ್ಡು ಕಟ್ಟಿಸಿಕೊಡುತ್ತೇನೆ ಎಂದೆ, ಏನು ಮಾಡಿದರೂ ಒಪ್ಪಲಿಲ್ಲ. ಅಣ್ಣನಿಗೆ ಈ ವಿಷಯ ಗೊತ್ತಾದರೆ ಸುಮ್ಮನೆ ಮನಸ್ಸು ಕೆಡಿಸಿಕೊಳ್ಳುತ್ತಾನೆ, ಅವನ ಹತ್ತಿರ ಹೇಳಬೇಡಿ ಎಂದನಂತೆ. ನಾನು ಗಾಡಿ ತಿರುಗಿಸಿ ಎಂದೆ.

ಶೆಡ್ಡಿಗೆ ಬಂದಾಗ ಅವನು ಕೈಗೆ ಸೋಪಿನ ಪುಡಿ ಹಾಕಿಕೊಂಡು ಗ್ರೀಸು ತೊಳೆಯುತ್ತಿದ್ದ. ಕಾರಿನವನು ಹೊರಟುಹೋಗುವವರೆಗೆ ಕಾದು, ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಮುರಿದದ್ದು ನಾನು, ಅಂಟು ಹಾಕಿದ್ದು ನಾನು, ಬೊಟ್ಟು ಇಟ್ಟದ್ದೂ ನಾನು. ನೀನು ಬಿಟ್ಟು ಹೋಗುತ್ತೀಯ ಎಂದುಕೊಂಡಿದ್ದೆ ಎಂದೆ.

‘ಗೊತ್ತು ಕಣಣ್ಣ’ ಎಂದ. ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. ‘ಸ್ಟಡ್ಡು ಯಾರ ಕೈಲಾದ್ರೂ ಮುರೀತದೆ. ಅದಕ್ಕೇನಿಲ್ಲ ಬುಡು.’

‘ಮತ್ತೆ ನಿನ್ ತಪ್ಪು ಅಂತ ಯಾಕ್ಲಾ ಒಪ್ಕಂಡೆ?’

‘ನಟ್ಟಿನ್ ಮ್ಯಾಲೆ ನನ್ ಸುಣ್ಣ ಇತ್ತಲ್ಲಣ್ಣ. ಸುಣ್ಣ ಇದ್ಮೇಲೆ ನಂದೇ ತಾನೆ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅಲ್ಲೇ ಟೈರಿನ ಮೇಲೆ ಕೂತುಬಿಟ್ಟೆ. ಅವನು ಕೈ ಒರೆಸಿಕೊಂಡು, ಟೀ ತರ್ತೀನಿ ಎಂದು ಹೇಳಿ ರಸ್ತೆ ದಾಟಿದ.

ಇದಾಗಿ ಮೂರು ವರ್ಷವಾಯಿತು. ಅವನು ಎಲ್ಲಿಗೂ ಹೋಗಲಿಲ್ಲ. ಅದೇ ಶೆಡ್ಡು, ಎದುರಾ ಬದುರಾ ಕೂತು ಊಟ, ಅದೇ ಕಡಿಮೆ ಮಾತು. ಯಾವತ್ತೂ ಆ ಕಾರಿನ ವಿಷಯ ಎತ್ತಿಲ್ಲ, ಮುಖ ತಿರುಗಿಸಿಲ್ಲ. ಆದರೆ ಅವತ್ತಿನಿಂದ ಅವನು ನಟ್ಟಿಗೆ ಸುಣ್ಣದ ಬೊಟ್ಟು ಇಡುವುದನ್ನು ಬಿಟ್ಟಿದ್ದಾನೆ. ಕೆಲಸ ಮುಗಿದ ಕೂಡಲೇ ನಾನು ಎಲ್ಲಿದ್ದರೂ ಕರೆಯುತ್ತಾನೆ. ‘ಅಣ್ಣ, ಬಾ. ನೀನೂ ಒಂದ್ಸಲ ನೋಡ್ಬುಡು.’ ದನಿಯಲ್ಲಿ ಕೊಂಕು ಇರುವುದಿಲ್ಲ, ಅದನ್ನು ನಾನು ಹುಡುಕಿ ಹುಡುಕಿ ನೋಡಿದ್ದೇನೆ. ಬೇಡ ಕಣ್ಲಾ, ನಂಗೆ ನಂಬಿಕೆ ಅದೆ ಎಂದರೆ ಸ್ಪ್ಯಾನರ್ ಕೆಳಗಿಟ್ಟು ಪಕ್ಕಕ್ಕೆ ಸರಿದು ಕಾಯುತ್ತಾನೆ. ನಾನು ಹೋಗುತ್ತೇನೆ, ಬಗ್ಗುತ್ತೇನೆ, ಅವನು ನೋಡುತ್ತಿರುವಾಗಲೇ ಒಂದೊಂದಾಗಿ ಎಲ್ಲ ನಟ್ಟುಗಳನ್ನೂ ಮುಟ್ಟಿ ನೋಡುತ್ತೇನೆ. ಇಲ್ಲಿಯವರೆಗೆ ಒಂದೂ ಸಡಿಲ ಇದ್ದದ್ದಿಲ್ಲ.