ಮುಷ್ಟಿ ಮತ್ತು ರೊಟ್ಟಿ

ಸಂಧಿವಾತ ಬಂದ ಮೇಲೆ ನನ್ನ ಬೆರಳುಗಳು ಬೆಳಗಿನ ಹೊತ್ತು ಮಡಚುವುದನ್ನೇ ಬಿಟ್ಟವು. ಜೋಳದ ರೊಟ್ಟಿ ಬಡಿಯುವ ಕೆಲಸ ಯಜಮಾನರ ಪಾಲಿಗೆ ಬಂತು. ನಾವಿರುವ ಉಪ್ಪಲ್‌ನ ರಸ್ತೆಬದಿಯಲ್ಲಿ ರೊಟ್ಟಿ ಸುಟ್ಟು ಮಾರುವವರು ಬೇಕಾದಷ್ಟಿದ್ದಾರೆ. ಆದರೆ ವಿಜಯಪುರದಲ್ಲಿ ಹುಟ್ಟಿದ ಇವರಿಗೆ ಹೊರಗಿನ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಿದ್ದರೆ ತಾವೇ ಬಡಿಯಲಿ ಎಂದುಕೊಂಡೆ.

ಮಾತ್ರೆ ಬಿಡಬೇಡಿ, ಜೊತೆಗೆ ಯೋಗವನ್ನೂ ಮಾಡಿ ಎಂದರು ಡಾಕ್ಟರು. ನಮ್ಮ ಅಪಾರ್ಟ್‌ಮೆಂಟಿನ ಯೋಗದ ಟೀಚರ್ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಉಸಿರಿನ ಜೊತೆ ಬೆರಳು ಮಡಚಿ ಬಿಡಿಸುವುದನ್ನು ಕಲಿಸಿದರು. ನೋವಾದರೆ ನಿಲ್ಲಿಸಬೇಕು, ಗುಣ ಕಂಡಿತೆಂದು ಮಾತ್ರ ಅಭ್ಯಾಸ ನಿಲ್ಲಿಸಬಾರದು ಎನ್ನುವುದು ಅವರ ಕಟ್ಟಪ್ಪಣೆ.

ನಾಲ್ಕು ತಿಂಗಳು ನಾನು ಕುರ್ಚಿಯಲ್ಲಿ ಕೂತು ದೀರ್ಘ ಉಸಿರು ಎಳೆದೆ. ಇವರು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ನಿಟ್ಟುಸಿರು ಬಿಟ್ಟರು. ಮೊದಮೊದಲು ರೊಟ್ಟಿ ತವೆಗೆ ಹೋಗುವ ಮುಂಚೆಯೇ ಮೂರು ತುಂಡಾಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೇ, ಬಡಿಯುವ ಸದ್ದು ಕೇಳಿ ಅವರ ತಪ್ಪು ಎತ್ತಿ ಹೇಳುತ್ತಿದ್ದೆ.

ಮಾತ್ರೆಯ ಪುಣ್ಯವೋ ಯೋಗದ ಪುಣ್ಯವೋ, ನನಗೆ ಮುಷ್ಟಿ ಕಟ್ಟಲು ಬಂತು. ಕಳೆದ ವಾರ ಡಾಕ್ಟರು ತಮ್ಮ ಎರಡು ಬೆರಳು ಚಾಚಿ, ಗಟ್ಟಿಯಾಗಿ ಹಿಡಿಯಲು ಹೇಳಿದರು. ಹಿಡಿದೆ. ಅವರು ಮುಖ ಕಿವುಚಿ ಬೆರಳು ಬಿಡಿಸಿಕೊಂಡರು. ಪಕ್ಕದಲ್ಲಿದ್ದ ಯಜಮಾನರ ಮುಖ ಅರಳಿತು.

ಆಟೋದಲ್ಲಿ ಕೂತ ಕೂಡಲೇ ಕೇಳಿದರು: "ಹಂಗಾರ ನಾಳಿಂದ ರೊಟ್ಟಿ ನೀನ ಬಡೀತಿ ಹೌದಲ್ಲ?"

"ಬಡೀಬಹುದ್ರಿ," ಎಂದೆ. "ಆದ್ರ ನಿಮ್ಮ ರೊಟ್ಟಿ ಈಗೀಗ ಭಾಳ ಛಲೋ ಉಬ್ಬಾಕತ್ತಾವ. ಗುಣ ಕಂಡಾಗ ಅಭ್ಯಾಸ ಬಿಡಬಾರದು ಅಂತ ಟೀಚರ್ ಹೇಳ್ಯಾರ."