ಗಂಗೆ ಬಾರದ ನಲ್ಲಿ

ಅಂಜನಮ್ಮನನ್ನು ಮಣ್ಣು ಮಾಡಿ ಬಂದವರೆಲ್ಲ ಅವಳ ಸಿಟ್ಟಿನ ಮಾತನ್ನೇ ಆಡಿದರು. ಬಾಯಿ ಜೋರು, ಹಿರಿಯರೆಂದರೆ ಭಯವಿರಲಿಲ್ಲ ಎಂದರು. ಅವಳಿಗೆ ಸಿಟ್ಟು ಬರಿಸಿದವರು ಯಾರೆಂದು ಒಬ್ಬರೂ ಹೇಳಲಿಲ್ಲ.

ಅದು ಶುರುವಾದದ್ದು ಎಷ್ಟೋ ವರ್ಷದ ಹಿಂದೆ, ಅರವತ್ತನೇ ಇಸವಿಯ ಬೇಸಿಗೆಯಲ್ಲಿ. ಜಯನಗರದ ಬ್ಲಾಕುಗಳು ಅವಳ ಹಳ್ಳಿಯ ಹೊಲಗಳನ್ನೆಲ್ಲ ನುಂಗಿ ಹಿತ್ತಿಲ ಬೇಲಿಗೆ ಬಂದು ನಿಂತಿದ್ದವು. ಹಳ್ಳಿಯ ಹಳೇ ಪೈಪಿಗೆ ತುಕ್ಕು ಹಿಡಿದು ನೀರು ತೊಟ್ಟಿಕ್ಕುತ್ತಿತ್ತು, ಬಾವಿಯೇ ಗತಿ. ಹೊಸ ದಪ್ಪ ಪೈಪು ಬರುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಂಜನಮ್ಮ. ಮಗಳು ವಿಮಲಾ ಹೆರಿಗೆಗೆ ಬಂದಿದ್ದಳು, ಬಾಣಂತಿಗೆ ಹಂಡೆಗಟ್ಟಲೆ ನೀರು ಬೇಕು. ಪೈಪಿಗಾಗಿ ತನ್ನ ಮನೆಯ ಜಗಲಿ ಅಗೆದರೂ ಸುಮ್ಮನಿದ್ದಳು.

ಪೈಪು ಹಳ್ಳಿಯ ನಡುವೆಯೇ ಹಾದು ಬಡಾವಣೆಗೆ ಹೋಯಿತು. ಹಳ್ಳಿಗೆ ಸಿಕ್ಕಿದ್ದು ಒಂದು ಬೀದಿ ನಲ್ಲಿ. ಅದಕ್ಕೂ ಆ ತುಕ್ಕು ಪೈಪನ್ನೇ ಜೋಡಿಸಿದ್ದರು. ಊರ ಹಿರಿಯ ತಿಮ್ಮರಾಯಪ್ಪ ಅವಳ ಗಂಡನ ಅಣ್ಣ. ನೀರು ಬರುವ ಮೊದಲೇ ಒಳ್ಳೆಯ ದಿನ ನೋಡಿ ಗಂಗೆಪೂಜೆ ಮಾಡಿಸಿದ. ಬಾವಿಯಿಂದ ಕಳಶದಲ್ಲಿ ಗಂಗಮ್ಮನನ್ನು ತಂದು, ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ತಾಯಿ ಎದ್ದು ಬಂದ ಮೇಲೆ ಬಾವಿ ಮುಟ್ಟಬಾರದೆಂದು ಅದರ ಬಾಯಿಗೆ ಚಪ್ಪಡಿ ಎಳೆಸಿದ. ನಲ್ಲಿ ತಿರುಗಿಸಿದರೆ ಗಾಳಿ ಬಂತು. ಮರುದಿನವೂ ಗಾಳಿಯೇ.

ಕೇಳಲು ಹೋದ ಅಂಜನಮ್ಮನಿಗೆ ಪೈಪಿನ ಸಾಹೇಬರು, "ಲೇಔಟ್ ಮನೆಗಳಿಗೇ ಸಾಲ್ದಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು.

ವಿಮಲಾ ಹೆತ್ತಳು. ಅಂಜನಮ್ಮ ಕೊಡ ಹಿಡಿದು ಬಡಾವಣೆಯ ಮೀನಾಕ್ಷಮ್ಮನ ಹಿತ್ತಿಲಿಗೆ ಹೋದಳು.

"ನಲ್ಲಿ ಮುಟ್ಬೇಡಮ್ಮ. ಗಿಡಕ್ಕೆ ಬಿಟ್ಟಾದ್ಮೇಲೆ ನಾನೇ ಹಾಕ್ತೀನಿ" ಎಂದಳು ಆಕೆ.

ಗುಲಾಬಿಯ ಪಾತಿ ತುಂಬಿ ಹರಿಯುವವರೆಗೂ ಅಂಜನಮ್ಮ ನಿಂತಳು. ಸಿಕ್ಕಿದ್ದು ಅರ್ಧ ಕೊಡ. ಮನೆಗೆ ಬಂದರೆ ಕೂಸು ಹೊಲಸಾದ ಬಟ್ಟೆಯಲ್ಲೇ ಮಲಗಿ ಅಳುತ್ತಿತ್ತು. ಇರುವ ನೀರನ್ನು ಕುಡಿಯಲು ಇಡಬೇಕೋ, ತೊಳೆಯಲು ಸುರಿಯಬೇಕೋ?

ಅವಳು ಹಾರೆ ಹಿಡಿದು ಬಾವಿಗೆ ನಡೆದಳು.

ತಿಮ್ಮರಾಯಪ್ಪ ಅಡ್ಡ ಬಂದ. "ನಿಲ್ಲು ಅಂಜ್ನಮ್ಮ. ಗಂಗಮ್ಮನ್ನ ನಲ್ಲೀಲಿ ಕೂರ್ಸಿದ್ದೀವಿ. ಈಗ ಬಾವಿ ಮುಟ್ಟುದ್ರೆ ಊರಿಗೆ ಕೇಡು."

"ಕೂತವ್ಳಾ ಬಾವ? ಎದ್ದು ಜಯನಗರಕ್ಕೆ ಹೋಗವ್ಳೆ. ಗುಲಾಬಿ ಗಿಡದ ಬುಡದಲ್ಲಿ ಕಾಲು ನೀಡ್ಕೊಂಡವ್ಳೆ, ಹೋಗಿ ನೋಡಿ."

"ಹೆಂಗಸು ಹಾರೆ ಹಿಡಿಯೋದೇನು?"

"ಗಂಡಸ್ರು ನೀವು ಅರಿಸಿನ ಕುಂಕುಮ ಹಿಡ್ಕೊಂಡ್ರಲ್ಲ. ನಂಗೆ ಹಾರೇನೇ ಉಳೀತು."

ಮೀಟಿದಳು. ಕೈಯ ಚರ್ಮ ಸುಲಿಯಿತು. ಒಬ್ಬ ಗಂಡಸೂ ಕೈ ಹಾಕಲಿಲ್ಲ. ಕೊನೆಗೆ ಚಪ್ಪಡಿ ಕೊಡ ಇಳಿಯುವಷ್ಟು ಸರಿಯಿತು.

ಅಂದು ಸಂಜೆ ವಿಮಲಾಳಿಗೆ ಹಂಡೆ ತುಂಬ ನೀರು ಕಾಯಿತು. ಹಿಂದೆಯೇ ಒಬ್ಬೊಬ್ಬ ಹೆಂಗಸೂ ಹಗ್ಗ, ಕೊಡ ತಂದಳು. ಯಾರೂ ಅಂಜನಮ್ಮನ ಮುಖ ನೋಡಲಿಲ್ಲ. ಆಮೇಲೆ ಯಾರ ಮನೆಯ ಕರು ಸತ್ತರೂ, ಮಳೆ ತಪ್ಪಿದರೂ ಅವಳೇ ತಂದ ಕೇಡು. ಬಾಗಿಲಿಗೆ ಬಂದು ಬೈದರು, ಗಂಟಲು ಒಣಗಿದಾಗ ಅದೇ ಬಾವಿಯಲ್ಲಿ ಸೇದಿ ಕುಡಿದು ಹೋದರು.