ಐದು ನಿಮಿಷದ ಭಾಷಣ, ಒಂದು ಹೊರೆ ಸೊಪ್ಪು

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆ ಹೊರಟ ಮಧ್ಯಾಹ್ನದ ಬಸ್ಸಿನಲ್ಲಿ ನನ್ನ ಕಾಲಿನ ಹತ್ತಿರ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಟ್ಟಿದ್ದಾರೆ. ಒದ್ದೆ ಗೋಣಿಯೊಳಗಿಂದ ಬರುವ ಆ ಹಸಿ ವಾಸನೆ ನಿಮಗೆ ಗೊತ್ತಿದ್ದರೆ ನೀವು ನಮ್ಮ ಕಡೆಯವರು. ಗೊತ್ತಿಲ್ಲದಿದ್ದರೂ ಬೇಜಾರಿಲ್ಲ, ಸ್ವಲ್ಪ ಸರಿದು ಕೂತುಕೊಳ್ಳಿ. ನಮ್ಮ ಮೇಲೂರು ಬರುವ ತನಕ ಒಂದು ವಿಷಯ ಹೇಳುತ್ತೇನೆ. ನನ್ನದೇ ವಿಷಯ. ಬೇರೆಯವರದ್ದಾದರೆ ಅವರ ದನಿಯಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಕಂಡಕ್ಟರ್ ಎದ್ದು ಬರುತ್ತಾರೆ.

ಅನುಕರಣೆ ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಹಾಲಿನ ಡೇರಿಯ ಕಾರ್ಯದರ್ಶಿ ಎರಡು ಸಲ ಕೆಮ್ಮಿ ಮಾತು ಶುರು ಮಾಡುವುದು, ನಮ್ಮ ಸೋದರತ್ತೆ ಅಳುತ್ತಲೇ ಸಾರಿಗೆ ಉಪ್ಪು ಕಡಿಮೆ ಅಂತ ಹೇಳುವುದು, ಎಲ್ಲ ನನಗೆ ಬಾಯಿಪಾಠ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಬಾರದ ಗೆಳೆಯರಿಗೆಲ್ಲ ಅವರವರ ದನಿಯಲ್ಲೇ ನಾನು 'ಎಸ್ ಮೇಡಂ' ಎನ್ನುತ್ತಿದ್ದೆ. ಒಂದು ದಿನ ಆ ಸಡಗರದಲ್ಲಿ ನನ್ನ ಹೆಸರು ಬಂದಾಗ ಮರೆತು ಸುಮ್ಮನಿದ್ದುಬಿಟ್ಟೆ. ಅವತ್ತು ಇಡೀ ತರಗತಿ ಹಾಜರ್, ನಾನೊಬ್ಬನೇ ಗೈರು.

ಮೂರು ವರ್ಷದ ಹಿಂದೆ, ಡಿಗ್ರಿ ಎರಡನೇ ವರ್ಷದಲ್ಲಿ, ಕನ್ನಡದ ಮೇಡಂ ಒಂದು ಕೆಲಸ ಕೊಟ್ಟರು. "ಐದು ನಿಮಿಷ ಮಾತಾಡಿ ಒಬ್ಬರ ಮನಸ್ಸು ಬದಲಾಯಿಸಬೇಕು. ಒಬ್ಬರದು ಸಾಕು. ವಿಷಯ ನೀವೇ ಆರಿಸ್ಕೊಳ್ಳಿ. ಪರಿಸರ ಬೇಡ, ಮೊಬೈಲ್ ಬೇಡ, ಸಮಯದ ಮಹತ್ವ ಬೇಡ. ಅವನ್ನೆಲ್ಲ ಒಪ್ಪದೇ ಇರೋರೂ ಇಲ್ಲ, ಮಾಡೋರೂ ಇಲ್ಲ."

ಪರಿಸರ, ಮೊಬೈಲ್, ಸಮಯ ಹೋದರೆ ವಿದ್ಯಾರ್ಥಿಯ ಹತ್ತಿರ ಉಳಿಯುವುದೇನು ಹೇಳಿ. ಪಕ್ಕದಲ್ಲಿ ಕೂರುತ್ತಿದ್ದ ಚಿಂತಾಮಣಿಯ ಶ್ರೀನಾಥ ಮಾತ್ರ ಧೈರ್ಯವಂತ. 'ಜಿಲ್ಲಾ ಕೇಂದ್ರ ಚಿಂತಾಮಣಿ ಆಗಬೇಕಿತ್ತು' ಎಂಬ ವಿಷಯ ಆರಿಸಿಕೊಂಡು ಈಗಿನ ಜಿಲ್ಲಾ ಕೇಂದ್ರ ಚಿಕ್ಕಬಳ್ಳಾಪುರದಲ್ಲಿ, ನಮ್ಮ ಕಾಲೇಜಿನ ನೆಲದ ಮೇಲೆಯೇ ನಿಂತ. ಎರಡನೇ ನಿಮಿಷಕ್ಕೆ ಗೌರಿಬಿದನೂರಿನ ಹುಡುಗಿಯೊಬ್ಬಳು ಎದ್ದಳು. "ಇಲ್ಲಿಗೆ ಬರಕ್ಕೇ ಕೋಳಿ ಕೂಗೋ ಮುಂಚೆ ಏಳ್ತೀವಿ. ನಿಮ್ಮೂರಿಗಾದ್ರೆ ಹಿಂದಿನ ದಿನಾನೇ ಹೊರಡಬೇಕು ಕಣಪ್ಪ." ಶ್ರೀನಾಥ, "ಎವರಮ್ಮಾ ನೀಕು ಚೆಪ್ಪಿಂದಿ" ಎಂದು ತೆಲುಗಿಗೆ ಇಳಿದ, ಯಾರಮ್ಮ ನಿನಗೆ ಹೇಳಿದ್ದು ಅಂತ. ಕೋಪ ಬಂದರೆ ಅವನಿಗೆ ಕನ್ನಡ ಸಾಲುವುದಿಲ್ಲ. ಕೊನೆಗೆ ಯಾರ ಮನಸ್ಸೂ ಬದಲಾಗಲಿಲ್ಲ, ಬೆಂಚುಗಳು ಬದಲಾದವು. ಗೌರಿಬಿದನೂರಿನವರು ಕಿಟಕಿ ಕಡೆಗೆ, ಚಿಂತಾಮಣಿಯವರು ಬಾಗಿಲ ಕಡೆಗೆ. ನಾವು ಶಿಡ್ಲಘಟ್ಟದವರು ನಡುವೆ ಕೂತು ಇಬ್ಬರಿಗೂ ಕಡ್ಲೇಕಾಯಿ ಹಂಚಿದೆವು.

ನಾನು ವಿಷಯ ಹುಡುಕಿಕೊಂಡು ಮನೆಗೆ ಬಂದೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಅಪ್ಪನದು, ಸೊಪ್ಪು ಅಮ್ಮನದು. ಈ ಪಾಲು ಯಾರು ಮಾಡಿದರೋ ಗೊತ್ತಿಲ್ಲ. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದವೋ, ಮದುವೆ ಮನೆಗೆ ತಡವಾಗಿ ಬಂದ ನೆಂಟರ ಹಾಗೆ ವಾರವಿಡೀ ತಿನ್ನುತ್ತವೆ. ಆ ವಾರ ಅಪ್ಪ ಹುಳುಮನೆ ಬಿಟ್ಟು ಕದಲುವುದಿಲ್ಲ, ಅಮ್ಮ ತೋಟಕ್ಕೂ ಮನೆಗೂ ನಡೆಯುವುದನ್ನು ನಿಲ್ಲಿಸುವುದಿಲ್ಲ. ಅವತ್ತು ಇನ್ನೂ ಮೂರನೇ ಜ್ವರ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಅಮ್ಮ, ಓದಿನ ಮಹತ್ವ ಅಂತ ಭಾಷಣ ಮಾಡ್ಲಾ?"

"ಓದು. ಯಾರು ಬೇಡ ಅಂದ್ರು?"

"ರಕ್ತದಾನ?"

"ಕೊಡು. ಯಾರು ಬೇಡ ಅಂದ್ರು?"

"ಸ್ವಚ್ಛತೆ?"

ಅಮ್ಮ ಕೂತಲ್ಲಿಂದಲೇ ಒಳಗಿನ ನನ್ನ ಮಂಚದ ಕೆಳಗೆ ಒಂದು ಸಲ ನೋಡಿದಳು. ಆಮೇಲೆ ಎಣ್ಣೆ ಬಟ್ಟಲಿಗೆ ಮುಚ್ಚಳ ಹಾಕುತ್ತ, "ಬೇಡ ಅನ್ನೋರು ಬೇಕಾ ನಿಂಗೆ? ನಾನು ಗಾಡಿ ಕಲೀತೀನಿ ಅಂದ್ರೆ ನಿಮ್ಮಪ್ಪ ಬೇಡ ಅಂತಾರೆ. ಅವರನ್ನ ಒಪ್ಸು, ನೋಡಣ," ಅಂದಳು. ಮೊಣಕಾಲು ಸವರಿಕೊಳ್ಳುತ್ತ, "ಈ ಬೆಳೆಗೆ ಮಂಡಿ ತಡಕೊಂತೈತೆ ಕಣೋ. ಮುಂದಿನ ಬೆಳೆ ಗೊತ್ತಿಲ್ಲ," ಎಂದೂ ಸೇರಿಸಿದಳು.

ಗಾಡಿ ಅಂದರೆ ಮನೆ ಮುಂದೆ ನಿಂತಿದ್ದ ಮೊಪೆಡ್. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದರೆ ದಿನವಿಡೀ ನೆರಳಲ್ಲಿ ವಿಶ್ರಾಂತಿ. ನಮ್ಮ ಮನೆಯಲ್ಲಿ ಅಷ್ಟು ಸುಖ ಇನ್ಯಾರಿಗೂ ಇರಲಿಲ್ಲ, ನನ್ನನ್ನು ಬಿಟ್ಟು. ಅಮ್ಮನಿಗೆ ಅದು ಯಾಕೆ ಬೇಡ ಎಂಬುದಕ್ಕೆ ಅಪ್ಪನ ಹತ್ತಿರ ಮೂರು ವಾದ. 'ಬಿದ್ರೆ?' ಮೊದಲನೆಯದು. 'ಗಾಡಿಗೆ ಏಟಾದ್ರೆ?' ಎರಡನೆಯದು. 'ಬೆಳೆ ಮುಗೀಲಿ, ನೋಡಣ' ಮೂರನೆಯದು, ಅದೇ ಬಲವಾದದ್ದು. ಯಾಕೆಂದರೆ ನಮ್ಮಲ್ಲಿ ಹುಳುವಿನ ಬೆಳೆ ಮುಗಿಯುವುದೇ ಇಲ್ಲ. ಗೂಡು ಬಿಡಿಸಿ, ಮಾರ್ಕೆಟ್ಟಿಗೆ ಹಾಕಿ, ಹುಳುಮನೆ ತೊಳೆದು ಉಸ್ಸಪ್ಪ ಅನ್ನುವಷ್ಟರಲ್ಲಿ ಮುಂದಿನ ಮರಿಗಳು ಬಾಗಿಲಲ್ಲಿರುತ್ತವೆ.

ವಿಷಯ ಸಿಕ್ಕಿತು. ನಾನು ಮಾಡಿದ್ದೇನು ಗೊತ್ತೇ? ತರಗತಿಯ ಮುಂದೆ ಅಪ್ಪನಾಗಿ ನಿಂತೆ. ಟವೆಲ್ ಹೆಗಲಿಗೆ ಹಾಕಿ, ಗಂಟಲು ಕೆರೆದು, "ಬಿದ್ರೆ?" ಎಂದೆ. ಚಿಂತಾಮಣಿ, ಗೌರಿಬಿದನೂರು ಎರಡೂ ಜಗಳ ಮರೆತು ಒಂದೇ ಬೆಂಚು ಬಡಿದವು. ಐದು ನಿಮಿಷ ಹನ್ನೆರಡಾಯಿತು. ಬೆವರು ಒರೆಸಿಕೊಂಡು ಮೇಡಂ ಕಡೆ ನೋಡಿದೆ. ಅವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು, ನಗುವಿಗೆ.

"ನಿಮ್ಮಪ್ಪ ಬಹಳ ಚೆನ್ನಾಗಿ ಬಂದ್ರು ಕಣಪ್ಪ. ನೀನು ಯಾವಾಗ ಬರ್ತೀಯ?" ಅಂದರು. ನಾನು ಹಲ್ಲು ಕಿರಿದೆ. "ಅಮ್ಮಂಗೆ ಗಾಡಿ ಸಿಕ್ತಾ?" ಎಂದು ಮೇಡಂ ಮತ್ತೆ ಕೇಳಿದರು.

"ಇನ್ನೂ ಇಲ್ಲ ಮೇಡಂ."

"ಹಾಗಾದ್ರೆ ಭಾಷಣ ಇನ್ನೂ ಆಗಿಲ್ಲ. ಮನೇಲಿ ಮಾಡಿ ಬಾ, ಅಂಕ ಆಮೇಲೆ."

ಮನೆಯಲ್ಲಿ ಮಾಡುವ ಧೈರ್ಯ ಬರುವ ಹೊತ್ತಿಗೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಒಂದು ಸಂಜೆ ಕಾಲೇಜಿನಿಂದ ಬಂದವನೇ ನೇರವಾಗಿ ಹುಳುಮನೆಯ ಬಾಗಿಲು ತೆಗೆದೆ. ಮೈಗೆ ಸೆಂಟು ಹೊಡೆದುಕೊಂಡಿದ್ದೆ. ಬಸ್ಸಿನಲ್ಲಿ ಗೌರವ ಇರಲಿ ಅಂತ ದಿನಾ ಹೊಡೆದುಕೊಳ್ಳುತ್ತಿದ್ದೆ ಅನ್ನಿ. ರೇಷ್ಮೆ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಹುಳುವಿನ ಹತ್ತಿರ ಘಾಟು ವಾಸನೆ ಸುಳಿಯಬಾರದು. ಅಮ್ಮ ಆ ವಾರ ಒಗ್ಗರಣೆಯನ್ನೂ ಹಿತ್ತಲಲ್ಲಿ ಹಾಕುತ್ತಾಳೆ. ಅಪ್ಪ ಎರಡೂ ಕೈಯಲ್ಲಿ ಸೊಪ್ಪು ಹಿಡಿದಿದ್ದವನು ಮೂಗು ಅರಳಿಸಿದ. "ಲೋ, ಆಚೆಗೆ ನಡಿ. ಮದುವೆ ಗಂಡು ಇವನು. ಏನಿದ್ರೂ ಅಲ್ಲಿಂದಾನೇ ಬೊಗಳು."

ಹೀಗೆ ನನ್ನ ಭಾಷಣ ಬಾಗಿಲಾಚೆ, ನೊಣ ಬಾರದಂತೆ ಕಟ್ಟಿದ ಬಲೆಯ ಮುಂದೆ ಶುರುವಾಯಿತು. ಸಭಿಕರೆಂದರೆ ಅಪ್ಪನ ಬೆನ್ನು ಮತ್ತು ಸೊಪ್ಪು ಮೇಯುತ್ತಿದ್ದ ಸಾವಿರಾರು ಹುಳು. ಯಾರೂ ತಲೆ ಎತ್ತಲಿಲ್ಲ. ನಾನು ಗಂಟಲು ಕೆರೆದು, ಅಭ್ಯಾಸಬಲದಿಂದ, "ಬಿದ್ರೆ?" ಎಂದೆ.

"ನನ್ನ ಥರ ಮಾತಾಡಬೇಡ. ನಾನು ಇಲ್ಲೇ ಇದೀನಿ," ಅಂದ ಅಪ್ಪ.

ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು. ಹನ್ನೆರಡು ನಿಮಿಷ ತರಗತಿ ಆಳಿದವನಿಗೆ ಸ್ವಂತ ದನಿಯಲ್ಲಿ ಹೇಳಲು ಏನೂ ತೋಚಲಿಲ್ಲ. ಕಾರ್ಯದರ್ಶಿಯಾಗಿ ಹೇಳಬಹುದಿತ್ತು, ಸೋದರತ್ತೆಯಾಗಿ ಅತ್ತು ಹೇಳಬಹುದಿತ್ತು. ನಾನಾಗಿ ಹೇಳಿದ್ದು ಇಷ್ಟೇ: "ಅಮ್ಮಂಗೆ ಗಾಡಿ ಕೊಡಪ್ಪ. ದಿನಕ್ಕೆ ಆರು ಸಲ ತಲೆ ಮೇಲೆ ಸೊಪ್ಪು ಹೊತ್ತು ತರ್ತಾಳೆ. ನಾನೇ ಎಣಿಸಿದೀನಿ."

ಅಪ್ಪ ಕೈಯಲ್ಲಿದ್ದ ಸೊಪ್ಪನ್ನು ಹರಡಿ ಮುಗಿಸಿದ. "ಎಣಿಸ್ಕೊಂಡು ಕೂತಿದ್ದೆ. ಅದ್ರಲ್ಲಿ ನೀನು ಎಷ್ಟು ಸಲ ತಂದೆ?"

ಅಪ್ಪ ಮತ್ತೆ ಸೊಪ್ಪು ಹರಡತೊಡಗಿದ. ಸೋನೆ ಮಳೆ ಹಿಡಿದ ಹಾಗೆ ಹುಳು ತಿನ್ನುವ ಸದ್ದು ಮಾತ್ರ. ಆಗ ನನ್ನ ಬೆನ್ನ ಹಿಂದಿನಿಂದ ಅಮ್ಮನ ದನಿ ಬಂತು.

"ಮುಗೀತಾ ಇಬ್ರದೂ? ಮುಗಿದಿದ್ರೆ ಯಾರಾದ್ರೂ ಇದನ್ನ ಇಳಿಸ್ತೀರಾ?"

ತಿರುಗಿ ನೋಡಿದೆ. ತಲೆ ಮೇಲೆ ಹೊರೆ, ಎರಡೂ ಕೈ ಮೇಲಕ್ಕೆ. ಎಡಗಾಲನ್ನು ಸ್ವಲ್ಪ ಎತ್ತಿ, ಬಲಗಾಲ ಮೇಲೆ ಭಾರ ಬಿಟ್ಟು ನಿಂತಿದ್ದಳು. ಅವಳ ಹೊರೆಯ ಬಗ್ಗೆ ನಾನು ಭಾಷಣ ಮಾಡುತ್ತಿದ್ದಷ್ಟು ಹೊತ್ತೂ ಹೊರೆ ಅವಳ ತಲೆ ಮೇಲೆಯೇ ಇತ್ತು, ಬಾಗಿಲಿಗೆ ನಾನು ಅಡ್ಡ ನಿಂತಿದ್ದೆ. ಇಳಿಸಿಕೊಂಡೆ. ತೋಳು ಎರಡೂ ನೆಲಕ್ಕೆ ಜಗ್ಗಿದವು. ಅಷ್ಟು ಭಾರ ಇರುತ್ತದೆಂದು ಎಣಿಸುವಾಗ ನನಗೆ ಗೊತ್ತಾಗಿರಲಿಲ್ಲ.

ಬಲೆಯಾಚೆಯಿಂದ ಅಪ್ಪ ಈ ಕಡೆ ತಿರುಗಿ ಅದನ್ನೆಲ್ಲ ನೋಡುತ್ತಿದ್ದ. ಅಮ್ಮ ಕಾಲು ಕೆಳಗಿಟ್ಟು ಮುಖ ಹಿಂಡಿದ್ದನ್ನೂ ನೋಡಿದ. ಆಮೇಲೆ ಮತ್ತೆ ಸೊಪ್ಪಿನ ಕಡೆ ತಿರುಗಿ, ಯಾವುದೋ ಹುಳುವಿಗೆ ಹೇಳುವವನಂತೆ, "ಹಿಂದ್ಗಡೆ ಬ್ರೇಕು ಸಡಿಲ ಐತೆ. ಮೊದ್ಲು ಅದನ್ನ ಬಿಗಿ ಮಾಡ್ಸು. ಆಮೇಲೆ ಅವಳಿಗೆ ಕಲಿಸು," ಅಂದ.

"ಬೆಳೆ ಮುಗೀಲಿ ಅಂತಿದ್ರಿ?" ಅಮ್ಮ ಕೆಣಕಿದಳು.

"ಸುಮ್ನಿರಮ್ಮ ನೀನು," ಅಂದ ಅಪ್ಪ.

ಶಾಲೆಯ ಮೈದಾನದಲ್ಲಿ ಅಮ್ಮ ನಾಲ್ಕು ದಿನದಲ್ಲಿ ಕಲಿತಳು. ಐದನೇ ದಿನ ನೇರವಾಗಿ ಬೇಲಿಗೆ ನುಗ್ಗಿಸಿದಳು. ಅಪ್ಪ ಓಡಿಬಂದು ಮೊದಲು ಅವಳ ಮೊಣಕೈ ನೋಡಿದ, ಆಮೇಲೆ ಗಾಡಿ ನೋಡಿದ. ಈ ಕ್ರಮ ಕಂಡು ಅಮ್ಮನಿಗೂ ನನಗೂ ಆಶ್ಚರ್ಯವಾಯಿತು. ಮೇಡಂಗೆ ಎಲ್ಲ ವರದಿ ಒಪ್ಪಿಸಿದೆ. ಇಪ್ಪತ್ತಕ್ಕೆ ಹತ್ತು ಕೊಟ್ಟರು. ಉಳಿದ ಹತ್ತು ಎಲ್ಲಿ ಅಂದದ್ದಕ್ಕೆ, "ಅದು ನಿಮ್ಮಮ್ಮಂದು, ಮನೆಗೆ ಹೋಗಿ ಕೊಡು," ಅಂದರು.

ಆವತ್ತಿನಿಂದ ನಾನು ಸೊಪ್ಪು ಹೊರುತ್ತಿದ್ದೇನೆ ಎಂದರೆ ನೀವು ನಂಬಿಬಿಡುತ್ತೀರಿ, ಅದಕ್ಕೇ ನಿಜ ಹೇಳುತ್ತೇನೆ: ಫೋಟೊ ತೆಗೆಸಿಕೊಳ್ಳುವಷ್ಟು ಮಾತ್ರ ಹೊತ್ತಿದ್ದೇನೆ. ಅಮ್ಮನ ಕೈಗೆ ಗಾಡಿ ಬಂದಿದೆಯಲ್ಲ ಎಂಬ ಸಮಾಧಾನ ಬೇರೆ. ಇವತ್ತು ಈ ವಾಸನೆ ಮೂಗಿಗೆ ಹತ್ತಿ ನೆನಪಾಯಿತು, ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿದೆ. ಜೇಬಿನಿಂದ ಫೋನ್ ತೆಗೆದೆ. ಯಾರ ದನಿಯೂ ಹಾಕದೆ, "ಅಮ್ಮ, ನೀನು ಮನೇಲಿರು. ಸಂಜೆ ಸೊಪ್ಪಿಗೆ ನಾನು ಹೋಗ್ತೀನಿ," ಅಂದೆ.



"ಯಾರಪ್ಪ ನೀನು?" ಅಂದಳು ಅಮ್ಮ. "ನಮ್ಮ ಹುಡುಗನ ಥರ ಚೆನ್ನಾಗಿ ಮಾತಾಡ್ತೀಯ."